ಅರಿಶಿನ ಹಚ್ಚಿದ ಚೀಟಿ

ನಗಿಸಿ ಮಾತಾಡುವ ಗಂಡಸನ್ನು ನಾನು ಎಂದೂ ಪೂರ್ತಿ ನಂಬಿದವಳಲ್ಲ. ಇದು ಅಪ್ಪನಿಂದ ಬಂದ ಬುದ್ಧಿ. ದೊಡ್ಡಬಳ್ಳಾಪುರದ ಸಂತೆಯಲ್ಲಿ ಅವರು ಸೀರೆ ಮಾರುವಾಗ, ಜಗಳವಾಡಿ ಚೌಕಾಸಿ ಮಾಡುವ ಗಿರಾಕಿಗೆ ಮಡಿಕೆ ಬಿಚ್ಚಿ ಸೆರಗು ತೋರಿಸುತ್ತಿದ್ದರು. ತಮಾಷೆ ಮಾಡುತ್ತಾ ಬಂದವನ ಕೈಗೆ ಮಾತ್ರ ಸೀರೆ ಕೊಡುತ್ತಿರಲಿಲ್ಲ. "ಬಯ್ಯೋನು ಏನು ಕೇಳ್ತಾನೆ ಅಂತ ಎದುರಿಗೇ ಗೊತ್ತಾಗುತ್ತೆ. ನಗಿಸೋನು ಏನು ಕೇಳಿದ ಅಂತ ಮನೆಗೆ ಹೋದ ಮೇಲೆ ಗೊತ್ತಾಗೋದು" ಅನ್ನುತ್ತಿದ್ದರು.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟು ಹೋದರು. ಮನೆಗಂದಾಯ ನನ್ನ ಹೆಸರಿಗೆ ಬರುತ್ತಿತ್ತು. ಆಗ ಕಂದಾಯ ಕಟ್ಟುವವರಿಗೆ ಮಾತ್ರ ಓಟು. ಹಾಗಾಗಿ ಪುರಸಭೆ ಚುನಾವಣೆ ಬಂದಾಗ ಓಟೂ ನನ್ನ ಹೆಸರಿಗೇ ಬಂತು, ಗಂಡನಿಗೆ ಬರಲಿಲ್ಲ. ಅವರು ಆ ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು, "ಬಾ ಮಹಾರಾಣಿ, ಕಂಡಿಕೆಗೆ ನೂಲು ಸುತ್ತಿದ್ದಾಯ್ತಾ?" ಅಂತ ಕೇಳಿದರು. ನಕ್ಕುಕೊಂಡೇ ಕೇಳಿದರು. ಅದನ್ನೂ ನಾನು ಒಳಗೊಂದು ಕಡೆ ಇಟ್ಟುಕೊಂಡೆ.

ಎರಡನೇ ಮಹಾಯುದ್ಧ ಮುಗಿದಿತ್ತು, ಕಂಟ್ರೋಲು ಮುಗಿದಿರಲಿಲ್ಲ. ಅಕ್ಕಿಗೆ ಕಾರ್ಡು, ಸೀಮೆಎಣ್ಣೆಗೆ ಕಾರ್ಡು, ನೇಯುವವರಿಗೆ ನೂಲಿಗೂ ಕಾರ್ಡು. ನಮ್ಮ ಬೀದಿಯ ಮಗ್ಗಗಳಿಗೆಲ್ಲ ನೂಲು ಹಂಚುವ ಲೈಸೆನ್ಸು ಒಬ್ಬರೇ ಸಾಹುಕಾರರ ಕೈಯಲ್ಲಿತ್ತು. ತಿಂಗಳಿಗೊಮ್ಮೆ ಅವರ ಅಂಗಡಿ ಮುಂದೆ ಸಾಲು ನಿಂತು, ಕಾರ್ಡು ತೋರಿಸಿ, ಕಟ್ಟು ಹೊತ್ತು ತರಬೇಕು. ಅವರು ಕೊಟ್ಟರೆ ಮಗ್ಗ ಆಡುತ್ತದೆ, ಮಗ್ಗ ಆಡಿದರೆ ಒಲೆ ಉರಿಯುತ್ತದೆ. ಆ ಸಾಹುಕಾರರು ಊರಿಗೇ ದೊಡ್ಡ ನಗೆಗಾರರು. ನೂಲು ತೂಗುವಾಗಲೂ ಒಂದು ಚಟಾಕಿ ಸೇರಿಸಿಯೇ ತೂಗುತ್ತಿದ್ದರು. ಜನ ನಗುತ್ತಿದ್ದರು. ನಾನು ತಕ್ಕಡಿ ಮುಳ್ಳು ನೋಡುತ್ತಿದ್ದೆ.

ನಮ್ಮ ವಾರ್ಡಿಗೆ ನಿಂತವರು ಇಬ್ಬರೇ. ಒಬ್ಬರು ಈ ಸಾಹುಕಾರರು. ಇನ್ನೊಬ್ಬರು ಬೀದಿ ಕೊನೆಯ ಗರಡಿಮನೆಯ ಉಸ್ತಾದರು, ಮಸೀದಿ ಬೀದಿಯವರು. ಊರಿನ ಅರ್ಧ ಗಂಡಸರು ಅವರ ಕೈಯಲ್ಲಿ ಕುಸ್ತಿ ಕಲಿತವರು. ಸಾಹುಕಾರರೂ ಚಿಕ್ಕವಯಸ್ಸಿನಲ್ಲಿ ಆ ಗರಡಿಯ ಕೆಮ್ಮಣ್ಣಿನಲ್ಲೇ ಹೊರಳಿದವರು. ಅಂದರೆ ಇವರಿಬ್ಬರೂ ಹಳೇ ಜೋಡಿ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಭಾಷಣ ಮಾಡಲು ಬೇರೆ ಬೇರೆ ಕಟ್ಟೆ ಹುಡುಕುವುದೂ ಬೇಡ ಅಂತ ಇಬ್ಬರೂ ಗರಡಿ ಮುಂದಿನ ಒಂದೇ ಕಟ್ಟೆ ಮೇಲೆ ನಿಂತು ಮಾತಾಡಿದರು. ನಾನು ನೀರಿಗೆ ಹೋಗುವ ನೆಪದಲ್ಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಮರೆಯಲ್ಲಿ ನಿಂತು ಕೇಳಿದೆ.

ಸಾಹುಕಾರರು ಅಂದರು: "ಮಹಾಜನರೇ, ಈ ಉಸ್ತಾದು ನನ್ನ ಬೆನ್ನಿಗೆ ಮಣ್ಣು ಮೆತ್ತಿದ್ದು ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಈ ಸಲವಾದ್ರೂ ನೀವೆಲ್ಲ ಸೇರಿ ನನ್ನ ಬೆನ್ನು ಒರೆಸಿಕೊಡಿ."

ಉಸ್ತಾದರು ಅಂದರು: "ಸಾಹುಕಾರ್ರ ನೂಲಲ್ಲಿ ಗಂಟು ಇರಬಹುದು, ಗಂಟಲಲ್ಲಿ ಇಲ್ಲ. ನಾನು ಹಿಡಿದು ನೋಡಿದೀನಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಎದುರಾಳಿಗಳು ಅಂದಮೇಲೆ ಎದುರಿಗೆ ನಿಲ್ಲಬೇಕು, ಹೆಗಲ ಮೇಲೆ ಕೈ ಹಾಕಿಕೊಂಡು ನಿಲ್ಲುವುದೇನು? ಇದರಲ್ಲಿ ಏನೋ ಒಳಗುಟ್ಟು ಇರಬೇಕು, ಯಾರು ಗೆದ್ದರೂ ನಮ್ಮ ಬೀದಿಯ ಕಟ್ಟಿಕೊಂಡ ಮೋರಿ ಹೀಗೇ ಇರುತ್ತೆ ಅಂದುಕೊಂಡು ಮನೆಗೆ ಬಂದೆ.

ಇದೆಲ್ಲ ಸಾಲದು ಅಂತ ಗರಡಿಯ ಹೊರಗೋಡೆಗೆ ಒಂದು ಪತ್ರಿಕೆ. ರಿಟೈರಾದ ಮೇಷ್ಟರೊಬ್ಬರು ವಾರಕ್ಕೊಂದು ಹಾಳೆ ಬರೆದು ಗಂಜಿ ಹಚ್ಚಿ ಅಂಟಿಸುತ್ತಿದ್ದರು. ಆಗ ಕಾಗದ ಸಿಗುತ್ತಿರಲಿಲ್ಲ. ಪರೀಕ್ಷೆಯ ಹಳೇ ಉತ್ತರಪತ್ರಿಕೆಗಳ ಬೆನ್ನಿನ ಮೇಲೆ ಬರೆಯುತ್ತಿದ್ದರು. "ಲಂಡನ್ನಿನ ಸುದ್ದಿ: ನಮ್ಮ ನೇಕಾರರ ಬೀದಿಯ ಮೋರಿ ಕಟ್ಟಿಕೊಂಡಿರುವ ವಿಚಾರ ಅಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ." "ಭಾನುವಾರದ ಕುಸ್ತಿ: ಇಬ್ಬರೂ ಬಿದ್ದರು, ಗೆದ್ದದ್ದು ಧೂಳು." ಹೀಗೆ. ಗಂಡಸರು ಓದಿ ಬಂದು ಮನೆಯಲ್ಲಿ ಹೇಳುತ್ತಿದ್ದರು. ನನಗೆ ಓದು ಬರುತ್ತಿತ್ತು, ಆದರೂ ನಿಂತು ಓದುತ್ತಿರಲಿಲ್ಲ. ಓದಿದವಳನ್ನೂ ಮುಂದಿನ ವಾರ ಬರೆದುಬಿಟ್ಟರೆ ಅಂತ.

ಓಟಿನ ಹಿಂದಿನ ದಿನ ಸಾಹುಕಾರರ ಹೆಂಡತಿ ಬಂದು ಅರಿಶಿನ ಕುಂಕುಮ ಕೊಟ್ಟು ತಾಂಬೂಲ ಕೊಟ್ಟರು. ಬೇಡ ಅನ್ನಲಾಗದು. ತೆಗೆದುಕೊಂಡ ಮೇಲೆ ಅವರಿಗೇ ಹಾಕಬೇಕೇ ಅಂತ ಸಂಜೆಯವರೆಗೂ ಕೊರೆಯಿತು. ಮುತ್ತೈದೆ ಕೊಟ್ಟ ತಾಂಬೂಲ ದೇವಿಗೆ ಸೇರಿದ್ದು, ಓಟಿಗಲ್ಲ ಅಂತ ದೀಪ ಹಚ್ಚುವಾಗ ತೀರ್ಮಾನ ಮಾಡಿಕೊಂಡೆ.

ನನ್ನ ಗಂಡ ಮಾತ್ರ ಊಟಕ್ಕೆ ಕೂತಾಗ ಮೂರು ಸಲ ಹೇಳಿದರು: "ಸಾಹುಕಾರ್ರದು ಹಸಿರು ಡಬ್ಬಿ. ಉಸ್ತಾದರದು ಕೆಂಪು. ನೂಲು ಅಂದ್ರೆ ಹಸಿರು. ಮರೀಬೇಡ."

"ಮರೆಯೋಲ್ಲ," ಅಂದೆ. ಹಾಕುತ್ತೀನಿ ಅನ್ನಲಿಲ್ಲ. ದೇವರ ಎದುರು ಸುಳ್ಳಾಗಬಾರದಲ್ಲ.

ನಾನು ಮನಸ್ಸು ಮಾಡಿದ್ದು ಕೆಂಪಿಗೆ. ಕಾರಣ ಇತ್ತು. ಅದಕ್ಕೆ ಎರಡು ವರ್ಷ ಮುಂಚೆ ನನ್ನ ಗಂಡ ಮಗ್ಗದ ಕುಣಿಗೆ ಇಳಿಯುವಾಗ ಜಾರಿ, ಬಲಗೈ ಮಣಿಕಟ್ಟು ಸರಿದುಹೋಗಿತ್ತು. ಲಾಳಿ ಎಳೆಯುವ ಕೈ. ಗರಡಿಯ ಉಸ್ತಾದರು ಮೂಳೆ ಕೂರಿಸುವುದರಲ್ಲೂ ಪಳಗಿದವರು. ಅವರು ಬಂದು, ಕೈ ಹಿಡಿದು, "ನಿಮ್ಮ ಮನೇಲಿ ರಾಗಿಮುದ್ದೆ ಮಾಡ್ತಾರಾ ಇಲ್ಲ ಗರಡಿಗೆ ಕಲ್ಲು ಮಾಡ್ತಾರಾ, ಹಿಂಗೆ ಗಟ್ಟಿ ಇದೀರಲ್ಲ" ಅಂತ ಏನೋ ಹೇಳಿ ನಗಿಸಿ, ನಮ್ಮವರು ನಗುವಷ್ಟರಲ್ಲಿ ಎಳೆದುಬಿಟ್ಟರು. ಈ ಉಸ್ತಾದರೂ ನಗಿಸುವವರೇ, ಕೈ ಉಳಿಯುತ್ತೋ ಇಲ್ಲವೋ ಅಂತ ನಾನು ಹದಿನೈದು ದಿನ ಅನುಮಾನದಲ್ಲೇ ಕೊಬ್ಬರಿ ಎಣ್ಣೆ ನೀವಿದೆ. ಹದಿನಾರನೇ ದಿನ ಲಾಳಿ ಓಡಿತು. ಏನು ಕೊಡಲಿ ಅಂದರೆ, ಗರಡಿಯ ಹನುಮಂತನ ಪಟದ ಮುಂದೆ ಒಂದು ತೆಂಗಿನಕಾಯಿ ಒಡೆಸಿ ಸಾಕು ಅಂದರು. ದೇವರು ಯಾವ ಕೈಯಿಂದ ಕರುಣೆ ಕಳಿಸಿದನೋ ಆ ಕೈಯನ್ನು ಮರೆತರೆ ನಾನು ದಿನಾ ಕೈ ಮುಗಿದು ಏನು ಬಂತು?

ಓಟು ಶಾಲೆಯಲ್ಲಿ. ಬೆಳಿಗ್ಗೆ ಪೂಜೆ ಮುಗಿಸಿ, ದೇವಿಯ ಅರಿಶಿನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದೆ. ಒಂದು ಚೀಟಿ ಕೊಟ್ಟು, ಪರದೆ ಹಿಂದೆ ಹೋಗಿ ಇಷ್ಟ ಬಂದ ಡಬ್ಬಿಗೆ ಹಾಕಿ ಅಂದರು. ಹೋಗಿ ಮೊದಲು ಪರದೆಯಲ್ಲಿ ತೂತಿದೆಯಾ ಅಂತ ನೋಡಿದೆ. ಇರಲಿಲ್ಲ. ಕಿಟಕಿ ನೋಡಿದೆ. ಮುಚ್ಚಿತ್ತು.

ಆಮೇಲೆ ಮಾಡಿದ್ದನ್ನು ನಾನು ತಪ್ಪು ಅಂದುಕೊಂಡು ಮಾಡಲಿಲ್ಲ. ನಮ್ಮ ಮನೆಗಳಲ್ಲಿ ಹೊಸ ಹಾಸುನೂಲು ಮಗ್ಗಕ್ಕೆ ಏರಿಸಿದರೆ ಮೊದಲ ಎಳೆಗೆ ಅರಿಶಿನ ಮುಟ್ಟಿಸದೆ ಲಾಳಿ ಬಿಡುವುದಿಲ್ಲ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚದೆ ಯಾರ ಕೈಗೂ ಕೊಡುವುದಿಲ್ಲ. ಇದು ಸರ್ಕಾರ ನನ್ನ ಹೆಸರು ಕೂಗಿ ನನ್ನ ಕೈಗೇ ಕೊಟ್ಟ ಮೊದಲನೇ ಕಾಗದ. ಬೋಳು ಕಾಗದ ಹಾಕಿದರೆ ಆ ಮನುಷ್ಯನಿಗೆ ಏನು ಶುಭವಾದೀತು? ಸೆರಗಿನ ಗಂಟು ಬಿಚ್ಚಿ, ನಾಲ್ಕು ಮೂಲೆಗೂ ಅರಿಶಿನ ಒತ್ತಿ, ಕಣ್ಣಿಗೊತ್ತಿಕೊಂಡು, ಕೆಂಪು ಡಬ್ಬಿಗೆ ಹಾಕಿ, ಡಬ್ಬಿಗೂ ಒಂದು ನಮಸ್ಕಾರ ಮಾಡಿ ಬಂದೆ.

ಎಣಿಕೆ ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ನಡೆಯಿತು. ನನ್ನ ಗಂಡ ನೋಡಲು ಹೋಗಿದ್ದರು. ಬಂದು ಕಾಲು ತೊಳೆಯುವುದಕ್ಕೂ ಮುಂಚೆ ಹೇಳಲು ಶುರುಮಾಡಿದರು. ಇಬ್ಬರಿಗೂ ಸಮ ಸಮ ಬಂತಂತೆ. ಅದರ ಮೇಲೆ ಕೆಂಪು ಡಬ್ಬಿಯಲ್ಲಿ ಒಂದು ಚೀಟಿ ಉಳಿದಿತ್ತಂತೆ. ಅಮಲ್ದಾರರು ಅದನ್ನು ಎತ್ತಿ ಹಿಡಿದು, "ಇದೇನ್ರೀ ಇದು, ಓಟೋ ಮದುವೆ ಕರೆಯೋಲೆಯೋ?" ಅಂದರಂತೆ. ಗುರುತು ಮಾಡಿದ ಚೀಟಿ ಕಾಯಿದೆ ಪ್ರಕಾರ ನಡೆಯುವುದಿಲ್ಲ ಅಂತ ಪಕ್ಕಕ್ಕಿಟ್ಟರಂತೆ. ಉಳಿದದ್ದು ಸಮ ಸಮ. ಕೊನೆಗೆ ಇಬ್ಬರ ಹೆಸರು ಬರೆದು ಮಡಿಸಿ, ತಂಬಿಗೆಯಲ್ಲಿ ಹಾಕಿ, ಜವಾನನ ಕೈಯಿಂದ ಒಂದನ್ನು ಎತ್ತಿಸಿದರು. ಸಾಹುಕಾರರ ಹೆಸರು ಬಂತು.

"ಒಂದು ಚೀಟಿ, ಒಂದೇ ಒಂದು," ಅಂದರು ಗಂಡ. "ಅರಿಶಿನ ಇರದಿದ್ರೆ ಉಸ್ತಾದ್ ಗೆದ್ದಿರೋರು. ಯಾವ ಪುಣ್ಯಾತ್ಗಿತ್ತಿ ಹಚ್ಚಿದ್ಲೋ." ಹೇಳುತ್ತಾ ನನ್ನ ಮುಖ ನೋಡಿದರೋ, ನನ್ನ ಹಿಂದಿದ್ದ ಗೋಡೆ ನೋಡಿದರೋ, ಗೊತ್ತಾಗಲಿಲ್ಲ. ನಾನು ತಟ್ಟೆ ಇಟ್ಟೆ. ಹಳದಿ ಬೆರಳು ಕಾಣದ ಹಾಗೆ ಇಟ್ಟೆ, ಅಷ್ಟು ಮಾತ್ರ ದೇವರು ಕರುಣಿಸಿದ.

ಗೆಲ್ಲಿಸಬೇಕು ಅಂದುಕೊಂಡವರನ್ನು ನನ್ನ ಕೈಯೇ ಸೋಲಿಸಿತ್ತು. ಗೆದ್ದವರಿಗೆ ನಾನು ವಿರುದ್ಧ ಹಾಕಿದ್ದು ಗೊತ್ತಾದರೆ ನೂಲು ನಿಲ್ಲುತ್ತಿತ್ತು. ಯಾರ ಹತ್ತಿರ ಹೇಳಲಿ?

ಆ ವಾರ ಗೋಡೆಯ ಹಾಳೆಯಲ್ಲಿ ಬೇರೇನೂ ಇರಲಿಲ್ಲ. "ಕಾಣೆಯಾಗಿದ್ದಾರೆ: ಓಟಿಗೆ ಅರಿಶಿನ ಹಚ್ಚಿದ ಮಹಾತಾಯಿ. ಗುರುತು: ಬೆರಳು ಹಳದಿ. ಪತ್ತೆಯಾದರೆ ಗೆದ್ದವರಿಗೆ ಒಪ್ಪಿಸಿದಲ್ಲಿ ಹೋಳಿಗೆ ಊಟ, ಸೋತವರಿಗೆ ಒಪ್ಪಿಸಿದಲ್ಲಿ ಎರಡು ಪಟ್ಟು." ಈ ಸಲ ನಾನೂ ನಿಂತು ಓದಿದೆ. ಎರಡು ಪಟ್ಟು ಏನು ಅಂತ ಅವರು ಬರೆದಿರಲಿಲ್ಲ.

ಊರು ಲೆಕ್ಕ ಹಾಕಿತು. ನಮ್ಮ ವಾರ್ಡಿನಲ್ಲಿ ಓಟಿದ್ದ ಹೆಂಗಸರು ಏಳೇ ಜನ. ಅವರಲ್ಲಿ ಮೂವರು ಗಂಡ ತೀರಿಹೋದವರು, ಆ ಕಾಲದಲ್ಲಿ ಅವರು ಅರಿಶಿನ ಮುಟ್ಟುತ್ತಿರಲಿಲ್ಲ. ಒಬ್ಬರು ಮಸೀದಿ ಬೀದಿಯವರು. ಉಳಿದವರು ಮೂರು ಮನೆಯವರು: ಬಾವಿ ಪಕ್ಕದ ಮನೆಯಾಕೆ, ನಮ್ಮ ಎದುರು ಮನೆಯಾಕೆ, ನಾನು. ಅವತ್ತಿನಿಂದ ಬೀದಿಯಲ್ಲಿ ಹೋದರೆ ಜನ ಮುಖ ನೋಡುವುದು ಬಿಟ್ಟು ಬೆರಳು ನೋಡುತ್ತಿದ್ದರು. ಅಡಿಗೆ ಮಾಡುವ ಯಾವ ಹೆಂಗಸಿನ ಬೆರಳು ಹಳದಿ ಇರೋಲ್ಲ?

ಎದುರು ಮನೆಯಾಕೆ ಒಂದು ಬೆಳಿಗ್ಗೆ ಬಟ್ಟಲು ಹಿಡಿದು ಬಂದಳು. "ಒಂದು ಚಿಟಿಕೆ ಅರಿಶಿನ ಇದ್ರೆ ಕೊಡ್ತೀಯೇನೇ?"

ಪರೀಕ್ಷೆ ಮಾಡಲು ಬಂದಿದ್ದಾಳೆ ಅಂತ ಗೊತ್ತಾಯಿತು. "ಮುಗಿದಿದೆ ಕಣೇ," ಅಂದೆ.

"ಮುಗಿದಿದೆಯಾ," ಅಂದಳು. ನಿಧಾನಕ್ಕೆ ಬಟ್ಟಲು ಕವುಚಿ ಹಿಡಿದಳು. "ನಿಮ್ಮನೇಲೂ ಮುಗೀತಾ."

ಅವಳು ಹೊಸಿಲು ದಾಟಿದ ಮೇಲೆ ನಾನು ಹಣೆ ಚಚ್ಚಿಕೊಂಡೆ. ಇದೆ ಅಂದಿದ್ದರೆ ಬೀದಿಗೆಲ್ಲ ಇದೆ ಅಂತಷ್ಟೇ ಹೇಳುತ್ತಿದ್ದಳು, ಮುಗಿದಿದೆ ಅಂದರೆ ಹಚ್ಚಿ ಮುಗಿಸಿದಳು ಅಂತ ಹೇಳುತ್ತಾಳೆ. ಆದರೆ ಆಮೇಲೆ ಯೋಚಿಸಿದೆ, ಅವಳ ಮನೆಯಲ್ಲಿ ಯಾಕೆ ಮುಗಿಯಿತು?

ಸಾಹುಕಾರರು ಒಂದು ಸಂಜೆ ನಾಲ್ಕು ಜನರನ್ನು ಕಟ್ಟಿಕೊಂಡು ಮೋರಿ ನೋಡಲು ಬೀದಿಗೆ ಬಂದರು. ನಮ್ಮ ಬಾಗಿಲ ಮುಂದೆ ನಿಂತು, "ಏನಮ್ಮಾ, ಸಾರಿಗೆ ಅರಿಶಿನ ಉಳಿದಿದೆ ತಾನೇ?" ಅಂದರು. ಜೊತೆಯವರು ನಕ್ಕರು. ನಾನು ಸೆರಗು ಹೊದ್ದು ಒಳಗೆ ಬಂದೆ. ಬಾಗಿಲ ಹಿಂದೆ ನಿಂತೆ. ಎದುರು ಮನೆ ಮುಂದೆಯೂ ಅದೇ ಮಾತು ಹೇಳಿದ್ದು ಕಿವಿಗೆ ಬಿತ್ತು. ಎಲ್ಲರಿಗೂ ಹೇಳುತ್ತಾರೆ ಅಂತ ಸಮಾಧಾನ ಮಾಡಿಕೊಂಡೆ. ಎಲ್ಲರಿಗೂ ಹೇಳಿ ಯಾರ ಮುಖ ಬಾಡುತ್ತೆ ಅಂತ ನೋಡುತ್ತಿದ್ದಾರೆ ಅಂತ ಸಮಾಧಾನ ಹೋಯಿತು.

ನೂಲಿನ ದಿನ ಬಂತು. ಗಂಡ ಹೋಗಿ ಬಂದರು. ಹೆಗಲ ಮೇಲೆ ಅರ್ಧ ಕಟ್ಟು.

"ಅರ್ಧ ಯಾಕೆ?"

"ಕೊಟ್ಟದ್ದು ಇಷ್ಟು," ಅಂದರು. ಕುಣಿಗಿಳಿದು ಕೂತರು.

ನಾನು ಬೀದಿಗೆ ಬಂದು ಎದುರು ಮನೆಯಾಕೆಯನ್ನು ಕೇಳಿದೆ. "ನಮಗೆ ಪೂರ್ತಿ ಬಂತಪ್ಪ," ಅಂದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಎರಡು ದಿನ ಊಟ ಸೇರಲಿಲ್ಲ. ಅರ್ಧ ಕಟ್ಟು ನೂಲು ಅಂದರೆ ಅರ್ಧ ತಿಂಗಳ ಮಗ್ಗ. ಮುಂದಿನ ತಿಂಗಳು ಅದೂ ಇಲ್ಲದಿದ್ದರೆ? ನಾನು ಮಾಡಿದ್ದಕ್ಕೆ ಮಗ್ಗ ಯಾಕೆ ಅನುಭವಿಸಬೇಕು? ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಂಡೆ. ಹರಕೆ ಕಟ್ಟಿದ ಮೇಲೆ ಸುಮ್ಮನೆ ಕೂತರೆ ದೇವರಿಗೂ ಕೆಲಸ ಹಚ್ಚಿ ನಾನು ಮಲಗಿದ ಹಾಗೆ. ಮೂರನೇ ದಿನ ಮಧ್ಯಾಹ್ನ, ಗಂಡ ಸಂತೆಗೆ ಹೋಗಿದ್ದಾಗ, ಸಾಹುಕಾರರ ಅಂಗಡಿಗೆ ನಾನೇ ಹೋದೆ.

ಹೋಗಿ ನೋಡಿದರೆ ಸಾಹುಕಾರರು ದಿಂಬಿಗೊರಗಿ ಕೂತಿದ್ದಾರೆ. ಎದುರಿಗೆ ನೂಲಿನ ಮೂಟೆ ಮೇಲೆ ಉಸ್ತಾದರು ಕೂತು ಸಾಸರಿನಲ್ಲಿ ಟೀ ಊದಿ ಕುಡಿಯುತ್ತಿದ್ದಾರೆ. ಗೆದ್ದವರು, ಸೋತವರು, ಒಂದೇ ಕಡೆ. ನಾನು ಮೊದಲೇ ಅಂದುಕೊಂಡಿದ್ದೆನಲ್ಲ ಅನ್ನಿಸಿತು.

"ಬನ್ನಿ ಅಮ್ಮಾ," ಅಂದರು ಸಾಹುಕಾರರು. "ಇವತ್ತು ನೂಲಿನ ದಿನ ಅಲ್ಲವಲ್ಲ."

"ನೂಲಿಗೆ ಬಂದಿಲ್ಲ. ಒಂದು ಮಾತು ಹೇಳಿ ಹೋಗೋಣಾಂತ ಬಂದೆ. ಆ ಚೀಟಿಗೆ ಅರಿಶಿನ ಹಚ್ಚಿದ್ದು ನಾನು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು ನೋಡಿ. ಉಸ್ತಾದರ ಸಾಸರು ಅಲುಗಿ ಟೀ ಚೆಲ್ಲಿತು. ಸಾಹುಕಾರರು ಶಲ್ಯದಲ್ಲಿ ಕಣ್ಣೊರೆಸಿಕೊಂಡರು.

"ಇರೋದು ಒಂದೇ ಚೀಟಿ, ಹಚ್ಚಿದೋರು ಮೂರು ಮನೆಯೋರು," ಅಂದರು. "ಬಾವಿ ಪಕ್ಕದ ಮನೆಯೋರು ಹೇಳಿಹೋದ್ರು, ನಿಮ್ಮನ್ನ ಗೆಲ್ಲಿಸಿದ್ದು ನಾವೇ ಅಂತ. ನಿಮ್ಮ ಎದುರು ಮನೆಯೋರು ಹೇಳಿಹೋದ್ರು. ನಿಮ್ಮನೇದು ಇದು ಎರಡನೇ ಸಲ. ಎಲ್ಲರಿಗಿಂತ ಮೊದಲು ನಿಮ್ಮ ಯಜಮಾನ್ರೇ ಬಂದಿದ್ದು."

ನನಗೆ ನಿಂತ ನೆಲ ಕುಣಿಯಾದ ಹಾಗಾಯಿತು. "ಅವರು ಏನಂತ ಹೇಳಿದ್ರು?"

"ನನ್ನ ಹೆಂಡತಿ ಬಲು ಜಾಣೆ, ನೀವು ಗೆಲ್ಲಲೀಂತ ಬೇಕೂಂತಲೇ ಅರಿಶಿನ ಬಳಿದು ಕೆಂಪು ಡಬ್ಬೀಲಿ ಹಾಕಿ ಕೆಡಿಸಿದ್ಲು ಅಂತ. ಅಲ್ಲಪ್ಪ, ಸುಮ್ಮನೆ ಹಸಿರು ಡಬ್ಬಿಗೇ ಹಾಕಿದ್ರೆ ನಾನು ನೆಟ್ಟಗೆ ಗೆಲ್ತಿದ್ನಲ್ಲ, ತಂಬಿಗೆಗೆ ಕೈ ಹಾಕೋ ಗೋಜೇ ಇರ್ತಿರಲಿಲ್ಲವಲ್ಲ ಅಂದೆ. ತಲೆ ಕೆರ್ಕೊಂಡು ಹೋದ್ರು."

ಉಸ್ತಾದರು ಮತ್ತೆ ನಗಲು ಹೊರಟರು. ಊರಿನವರನ್ನೆಲ್ಲ ಅನುಮಾನಿಸಿದವಳು ನಾನು, ಈಗ ಬಾಯಿಬಿಟ್ಟು ನಿಜ ಹೇಳಿದರೂ ನಂಬುವವರಿಲ್ಲ.

"ಅವರು ಹೇಳಿದ್ದು ಸುಳ್ಳು," ಅಂದೆ. "ಕೆಡಿಸೋಕೆ ಹಚ್ಚಲಿಲ್ಲ. ಉಸ್ತಾದರು ಗೆಲ್ಲಲೀಂತ ಹಚ್ಚಿದೆ. ನಮ್ಮೋರ ಕೈ ಉಳಿಸಿದ್ರಲ್ಲ, ಅದಕ್ಕೆ."

ನಗು ನಿಂತಿತು. ಉಸ್ತಾದರು ಸಾಸರು ಕೆಳಗಿಟ್ಟರು.

"ಇದು ನಿಜ ಕಣಯ್ಯ," ಅಂದರು ಸಾಹುಕಾರರು, ಅವರ ಕಡೆ ತಿರುಗಿ. "ಸುಳ್ಳು ಹೇಳೋರು ನನ್ನ ಅಂಗಡಿಗೆ ಬಂದು ನಿನಗೆ ಓಟು ಹಾಕ್ದೆ ಅಂತ ಹೇಳ್ತಾರಾ?"

ಉಸ್ತಾದರು ಗಡ್ಡ ನೀವಿಕೊಂಡರು. "ಹಾಗಾದ್ರೆ ತಾಯಿ, ನಾನು ಸೋತಿದ್ದು ನಿಮ್ಮ ಕೈಯಿಂದ."

ಅದು ನನಗೆ ಗೊತ್ತಿದ್ದ ಮಾತೇ. ಆದರೂ ಅವರ ಬಾಯಲ್ಲಿ ಕೇಳಿದಾಗ ಕಣ್ಣು ತುಂಬಿತು. "ಹೂಂ. ನನ್ನ ಕೈಯಿಂದಲೇ. ತಪ್ಪಾಯ್ತು."

"ಕಣ್ಣಿಗೆ ಮಣ್ಣು ಎರಚಿ ಕೆಡವಿದೋರನ್ನ ನೋಡಿದೀನಿ. ಮೈಗೆ ಎಣ್ಣೆ ಹಚ್ಕೊಂಡು ಬಂದು ಜಾರಿದೋರನ್ನ ನೋಡಿದೀನಿ. ಅರಿಶಿನ ಹಚ್ಚಿ ಚಿತ್ ಮಾಡಿದೋರು ನೀವೊಬ್ರೇ," ಅಂದರು. ಬಾಯಿ ನಗುತ್ತಿತ್ತು. ಕಣ್ಣು ನಗುತ್ತಿತ್ತೋ ಇಲ್ಲವೋ ನೋಡಲು ನನಗೆ ಧೈರ್ಯ ಬರಲಿಲ್ಲ. "ಬಿಡಿ ತಾಯಿ. ಮೋರಿ ಎತ್ತೋ ಕೆಲಸ ಇವನಿಗೇ ಬಂತು. ನನ್ನ ಬೆನ್ನು ಉಳೀತು."

ಬಂದ ಕೆಲಸ ಇನ್ನೂ ಮುಗಿದಿರಲಿಲ್ಲ. ಸಾಹುಕಾರರನ್ನು ಕೇಳಿದೆ: "ನಮಗೆ ನೂಲು ಅರ್ಧ ಮಾಡಿದ್ದು ಇದಕ್ಕೇ ಅಲ್ವಾ?"

ಅವರು ನೆಟ್ಟಗೆ ಕೂತರು. "ಯಾರು ಹೇಳಿದ್ದು?"

"ಎದುರು ಮನೆಗೆ ಪೂರ್ತಿ ಬಂದಿದೆ."

ಅವರು ಎದ್ದು ಒಳಕೋಣೆಯ ಪರದೆ ಸರಿಸಿದರು. ಇನ್ನೂ ಒಯ್ಯದ ಕಟ್ಟುಗಳು ಸಾಲಾಗಿದ್ದವು, ಒಂದೊಂದಕ್ಕೂ ಮನೆಯ ನಂಬರಿನ ಚೂರು ಕಟ್ಟಿತ್ತು. ಎಲ್ಲವೂ ಅರ್ಧ. "ಈ ತಿಂಗಳು ಬೆಂಗಳೂರಿಂದ ಬಂದದ್ದೇ ಇಷ್ಟು. ಎದುರು ಮನೆಯೋರೂ ಅರ್ಧವೇ ಒಯ್ದದ್ದು. ಪೂರ್ತಿ ಅಂದಿದ್ರೆ ನಿಮ್ಮ ಹೊಟ್ಟೆ ಉರಿಸೋಕೆ ಅಂದಿರಬೇಕು."

ನಾನು ಒಳಗೆ ಹೋಗಿ ಮೂರು ನಾಲ್ಕು ಕಟ್ಟು ಕೈಯಲ್ಲಿ ಎತ್ತಿ ನೋಡಿದೆ. ಅರ್ಧವೇ. "ಅವರು ಒಯ್ದದ್ದು ಅರ್ಧ ಅಂತ ನಾನು ಹೇಗೆ ನಂಬೋದು?"

"ಇವರನ್ನ ಅಮಲ್ದಾರ್ ಮಾಡಬೇಕಿತ್ತು," ಅಂದರು ಹಿಂದಿನಿಂದ ಉಸ್ತಾದರು.

ಸಾಹುಕಾರರು ಮಾತ್ರ ಈ ಸಲ ನಗಲಿಲ್ಲ. "ಅಮ್ಮಾ, ಒಂದು ಕೇಳ್ತೀನಿ. ನಾನು ನಕ್ಕರೆ ನಿಮಗೆ ಭಯ ಆಗುತ್ತಾ?"

"ಆಗುತ್ತೆ."

"ಯಾಕೆ? ನಾನು ಯಾರಿಗೂ ಕೆಟ್ಟದ್ದು ಅಂದಿಲ್ಲವಲ್ಲ."

"ಅಂದಿಲ್ಲ. ಆದ್ರೆ ನಮ್ಮ ಮಗ್ಗ ಯಾರ ಕೈಯಲ್ಲಿದೆಯೋ ಅವರು ನಕ್ಕರೆ ಯಾಕೆ ನಕ್ಕರು ಅಂತ ಯೋಚನೆ ಆಗುತ್ತೆ."

ಅವರು ಪರದೆ ಇಳಿಬಿಟ್ಟರು. ನಾನು ಇಬ್ಬರಿಗೂ ಕೈ ಮುಗಿದು ಮನೆಗೆ ಬಂದೆ.

ಸಂಜೆ ಗಂಡ ಸಂತೆಯಿಂದ ಬಂದ ಮೇಲೆ ನಡೆದದ್ದೆಲ್ಲ ಹೇಳಿದೆ. ಅವರು ಚೀಲ ಇಳಿಸುವುದನ್ನೂ ಮರೆತು ನಿಂತರು. "ಹೇಳಿಬಿಟ್ಯಾ? ಅಂಗಡೀಲಿ? ಇಬ್ಬರ ಎದುರಿಗೂ?"

"ಹೂಂ. ನೀವು ಹೇಳಿದ್ದೂ ಗೊತ್ತಾಯ್ತು."

"ನೂಲಿಗೋಸ್ಕರ ಹೇಳ್ದೆ ಕಣೇ."

"ನಾನು ಹಚ್ಚಿದ್ದು ನಿಮಗೆ ಗೊತ್ತಿತ್ತಾ, ಇಲ್ಲ ಗೊತ್ತಿಲ್ಲದೇ ಸುಮ್ಮನೆ ಹೋಗಿ ಹೇಳಿದ್ರಾ?"

ಅವರು ಕುಣಿಗಿಳಿದು ಲಾಳಿ ಹಿಡಿದರು. ಆಮೇಲೆ ಎಷ್ಟೋ ವರ್ಷ ಸಂಸಾರ ಮಾಡಿದೆವು, ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಥರ ಕೇಳಿದೆ, ಅದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

ತಿಂಗಳ ನಡುವೆ ನಮ್ಮ ನೂಲು ಮುಗಿದು ಮಗ್ಗ ನಿಂತಿತು. ಕಿವಿಗೊಟ್ಟು ಕೂತೆ. ಎರಡು ದಿನ ಎದುರು ಮನೆಯ ಮಗ್ಗ ಟಕಟಕ ಅಂತಿತ್ತು. ಮೂರನೇ ದಿನ ಅದೂ ನಿಂತಿತು. ಪೂರ್ತಿ ಕಟ್ಟು ಬಂದಿದ್ದರೆ ನಿಲ್ಲುತ್ತಿರಲಿಲ್ಲ. ಇನ್ನೊಬ್ಬರ ಮಗ್ಗ ನಿಂತಿದ್ದಕ್ಕೆ ನೆಮ್ಮದಿ ಪಡಬಾರದು, ಪಾಪ. ಆದರೂ ಅವತ್ತು ಊಟ ಸೇರಿತು. ತಪ್ಪಾಯಿತು ಅಂತ ದೇವರಿಗೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಮುಂದಿನ ನೂಲಿನ ದಿನ ಗಂಡ ಹೋಗೋಲ್ಲ ಅಂದರು. ಸಾಹುಕಾರರ ಮುಖ ನೋಡಲು ಅವರಿಗೆ ನಾಚಿಕೆ. ಕಾರ್ಡು ತೆಗೆದುಕೊಂಡು ನಾನೇ ಸಾಲಿನಲ್ಲಿ ನಿಂತೆ. ನನಗಿಂತ ಮುಂದಿದ್ದವರಿಗೆಲ್ಲ ಸಾಹುಕಾರರು ಒಂದೊಂದು ಮಾತು ಆಡಿ ಕಳಿಸುತ್ತಿದ್ದರು. ಒಬ್ಬನಿಗೆ, "ಏನಪ್ಪಾ, ಈ ನೂಲಲ್ಲಿ ಸೀರೆ ನೇಯ್ತೀಯೋ ಸೊಳ್ಳೆಪರದೆ ನೇಯ್ತೀಯೋ?" ಅಂದರು. ಇನ್ನೊಬ್ಬನ ಮೀಸೆ ನೋಡಿ ಏನೋ ಅಂದರು. ಜನ ನಗುತ್ತಾ ಕಟ್ಟು ಹೊತ್ತು ಹೋಗುತ್ತಿದ್ದರು.

ನನ್ನ ಸರದಿ ಬಂತು. ಕಾರ್ಡು ತೆಗೆದುಕೊಂಡರು. ತೂಗಿದರು. ಕಟ್ಟು ಮುಂದಕ್ಕೆ ತಳ್ಳಿದರು. ತಲೆ ಎತ್ತಲಿಲ್ಲ.

"ಮುಂದಿನೋರು," ಅಂದರು.

ಎಲ್ಲರಿಗೂ ಮಾತು, ನನಗೊಬ್ಬಳಿಗೆ ಇಲ್ಲ. ಹಾಗಾದರೆ ಇವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಇದು ಈ ತಿಂಗಳು. ಮುಂದಿನ ತಿಂಗಳು? ಕಟ್ಟು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ.

"ಸಾಹುಕಾರ್ರೇ, ನನಗೊಂದು ಮಾತೂ ಆಡ್ಲಿಲ್ಲ."

ಆಗ ತಲೆ ಎತ್ತಿದರು. "ನೀವೇ ಅಲ್ವೇನಮ್ಮಾ ಹೇಳಿದ್ದು, ನಾನು ನಕ್ಕರೆ ಭಯ ಅಂತ? ಮನೇಲಿ ಹೇಳಿದ್ರೆ ಅವಳೂ ಬಯ್ದಳು, ಹೆಂಗಸರನ್ನ ಯಾಕ್ರೀ ಹೆದರಿಸ್ತೀರಿ ಅಂತ. ಅದಕ್ಕೇ ನಿಮ್ಮ ಸರದಿ ಬಂದಾಗ ಬಾಯಿ ಹೊಲ್ಕೊಂಡೆ."

"ನಗದೇ ಇದ್ರೆ ಇನ್ನೂ ಭಯ ಆಗುತ್ತೆ," ಅಂದೆ.

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಅವರೂ ನಕ್ಕರು. ಅದು ಯಾವ ನಗು ಅಂತ ನಾನು ಮುಖವನ್ನೇ ನೋಡಿದೆ. ಏನೂ ಸಿಗಲಿಲ್ಲ.

"ಹಾಗಾದ್ರೆ ಕೇಳಿ," ಅಂದರು. "ಮನೆಗೆ ಹೋಗಿ ಕಟ್ಟಿನೊಳಗಿನ ನೂಲಿನ ಲಡಿ ಎಣಿಸಿ. ಒಂದೇ ಒಂದು ಕಡಿಮೆ ಇದ್ರೂ ಉಸ್ತಾದರನ್ನ ಕರ್ಕೊಂಡು ಬನ್ನಿ, ಗರಡೀಲಿ ನನ್ನ ಕುತ್ತಿಗೆ ಕೊಡ್ತೀನಿ."

ಮನೆಗೆ ಬಂದು ಬಾಗಿಲು ಹಾಕಿ, ಚಾಪೆ ಹಾಸಿ, ಕಟ್ಟು ಬಿಚ್ಚಿ ಒಂದೊಂದೇ ಲಡಿ ಎಣಿಸಿದೆ. ಕಾರ್ಡಿನ ಲೆಕ್ಕಕ್ಕೆ ಸರಿಯಾಗಿತ್ತು. ಒಂದು ಎಳೆ ಎಳೆದು ಬೆಳಕಿಗೆ ಹಿಡಿದೆ. ಗಂಟಿರಲಿಲ್ಲ. ಗಂಡ ಕುಣಿಯಲ್ಲಿ ಕಾದು ಕೂತಿದ್ದರು. "ಕೊಡ್ತೀಯೋ ಇಲ್ವೋ?" ಅಂದರು.

"ತಡೀರಿ," ಅಂದು ಇನ್ನೊಂದು ಸಲ ಎಣಿಸಿದೆ.